ಝೆರಾಕ್ಸ್‌ಗೆ ಹೋದ ಜೂನಿಯರ್

ಹುಲಿಯೂರುದುರ್ಗದ ಬಸ್ಸಿಳಿದು ನನ್ನ ಕಚೇರಿಗೆ ಬರುವವರು ಸಾಮಾನ್ಯವಾಗಿ ಮೂವರು: ಹುಡುಗಿ, ಅವಳ ತಾಯಿ, ಅಣ್ಣ. ಮಾತೆಲ್ಲ ಅಣ್ಣನದೇ. ‘ಡೈವೋರ್ಸ್ ಹಾಕಿ ಮೇಡಂ, ಜೀವನಾಂಶಾನೂ ಹಾಕಿ, ಪೊಲೀಸ್ ಕೇಸೂ ಒಂದು ಇರ್ಲಿ’ ಎಂದು ಹೋಟೆಲಿನಲ್ಲಿ ತಿಂಡಿ ಹೇಳುವ ಹಾಗೆ ಹೇಳುತ್ತಾನೆ. ಹುಡುಗಿ ಕೈಚೀಲದ ಹಿಡಿ ತಿರುವುತ್ತ ಕೂತಿರುತ್ತಾಳೆ. ನಮ್ಮ ಕುಣಿಗಲ್ ಕಡೆ ವಕೀಲರ ಕಚೇರಿಗಳಲ್ಲಿ ಆ ಹೊತ್ತಿಗೆ ಒಂದು ರೂಢಿ ಇದೆ. ಸೀನಿಯರ್ ಜೂನಿಯರ್ ಕಡೆ ತಿರುಗಿ, ‘ಹೋಗಪ್ಪ, ಇದನ್ನೊಂದು ಝೆರಾಕ್ಸ್ ಮಾಡಿಸ್ಕೊಂಡು ಬಾ’ ಎನ್ನುತ್ತಾರೆ. ಮನೆಯ ಮಾತು ನಾಲ್ಕು ಜನರ ಕಿವಿಗೆ ಬೀಳಬಾರದೆಂಬ ಮರ್ಯಾದೆ ಅದು. ನಾನೂ ಎಷ್ಟೋ ವರ್ಷ ಹೀಗೇ ಕಳಿಸಿದ್ದೇನೆ. ಕೌಟುಂಬಿಕ ಪ್ರಕರಣ ನಡೆಸುವ ವಕೀಲ ತಯಾರಾಗುವುದು ಆ ಅರ್ಧ ಗಂಟೆಯಲ್ಲಿ ಎಂದು ಗೊತ್ತಿದ್ದೂ ಕಳಿಸಿದ್ದೇನೆ.

ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ. ಕೌಟುಂಬಿಕ ಕಾನೂನಿನ ಎರಡು ಪೇಪರ್ ಬರೆಯುತ್ತಾರೆ, 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್‌ಗಳು ಬಾಯಿಪಾಠವಾಗುತ್ತವೆ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಮೊದಲು ಸನ್ನದು ಕೊಡುವ ಮುನ್ನ ಒಂದು ವರ್ಷ ಸೀನಿಯರ್ ಬಳಿ ಕಡ್ಡಾಯ ತರಬೇತಿ ಎಂಬ ನಿಯಮ ಬಾರ್ ಕೌನ್ಸಿಲ್‌ನದಿತ್ತು. 1998ರಲ್ಲಿ ತುಮಕೂರಿನಲ್ಲಿ ಲಾ ಮುಗಿಸಿದ ನಾನು ಆ ತರಬೇತಿಯಲ್ಲಿ ಇರುವಾಗಲೇ, 1999ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ನಮಗೆಲ್ಲ ಖುಷಿಯೋ ಖುಷಿ. ನೇರ ಕರಿ ಕೋಟು ಹಾಕಿಕೊಂಡೆವು.

ಅದರ ಬೆಲೆ ತೆತ್ತವಳು ಬೇರೆ. 2000ದಲ್ಲಿ ಅಮೃತೂರು ಕಡೆಯ ಒಬ್ಬ ಹೆಂಗಸಿನ ಜೀವನಾಂಶದ ಅರ್ಜಿ ನನ್ನ ಕೈಗೆ ಬಂತು. ಹಳೇ ಫೈಲು ತೆಗೆದು, ಹೆಸರು, ಊರು, ತಾರೀಕು ಬದಲಿಸಿ ಅರ್ಜಿ ಬರೆದೆ. ಆಕೆಯ ಜೊತೆ ಒಬ್ಬಳೇ ಕೂತು ಮಾತಾಡಲೇ ಇಲ್ಲ. ಪಾಟೀಸವಾಲಿನ ದಿನ ಎದುರು ವಕೀಲರು ನಾಲ್ಕು ಮಡಿಕೆಯ ಛಾಪಾ ಕಾಗದವೊಂದನ್ನು ಬಿಚ್ಚಿದರು. ಊರ ಹಿರಿಯರ ಐದು ಸಹಿ, ಕೆಳಗೆ ಒಂದು ಹೆಬ್ಬೆಟ್ಟು. ‘ಇದು ನಿಮ್ಮದೇ ಹೆಬ್ಬೆಟ್ಟು ತಾನೇ?’ ‘ಹೂಂ ಸ್ವಾಮಿ.’ ‘ಹಂಗಾದ್ರೆ ಇಬ್ಬರೂ ಒಪ್ಪಿ ಬ್ಯಾರೆ ಆಗಿದೀರಿ.’ ಆಕೆ ನನ್ನ ಮುಖ ನೋಡಿದಳು. ಮದುವೆಯಲ್ಲಿ ಕೊಟ್ಟ ಪಾತ್ರೆ ಸಾಮಾನು ವಾಪಸು ಬಂದದ್ದಕ್ಕೆ ರಸೀತಿ ಎಂದು ಹೇಳಿ ಒತ್ತಿಸಿಕೊಂಡಿದ್ದರಂತೆ. ಅದು ಬಿಡುಗಡೆ ಪತ್ರ.

ಪಂಚಾಯಿತಿ ಕಟ್ಟೆಯ ಇಂಥ ಪತ್ರದಿಂದ ಮದುವೆ ಮುರಿಯುವುದಿಲ್ಲ. ಆ ಸಮುದಾಯದಲ್ಲಿ ಹಾಗೊಂದು ಪದ್ಧತಿ ನಡೆದುಬಂದಿದೆ ಎಂದು ಸಾಬೀತು ಮಾಡಬೇಕು. ಆದರೆ ಪರಸ್ಪರ ಒಪ್ಪಿ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ ಎಂಬ ಮಾತು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125ರಲ್ಲೇ ಇತ್ತು, ಎದುರಿನವರು ಹಿಡಿದದ್ದು ಅದನ್ನು. ಕೊನೆಗೆ ಆದೇಶವೇನೋ ನಮ್ಮ ಕಡೆಗೇ ಆಯಿತು, ಏಳೆಂಟು ತಿಂಗಳು ತಡವಾಗಿ. ಆಗ ಆ ಸೆಕ್ಷನ್‌ನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಬೇರೆ. ಅದನ್ನು ತೆಗೆದದ್ದು 2001ರಲ್ಲಿ. ಐನೂರು ರೂಪಾಯಿಗಾಗಿ ಆಕೆ ಅಷ್ಟು ವಾಯಿದೆ ಅಲೆದದ್ದು, ‘ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ದೀಯೇನಮ್ಮ’ ಎಂದು ನಾನು ಕೇಳದೆ ಇದ್ದದ್ದಕ್ಕೆ.

ಈಗ ಅಣ್ಣಂದಿರನ್ನು ಟೀ ಕುಡಿಯಲು ಕಳಿಸುತ್ತೇನೆ. ಆಮೇಲೆ ಬರುವ ಮಾತೇ ಬೇರೆ. ‘ನಂಗೆ ಡೈವೋರ್ಸ್ ಬ್ಯಾಡ ಲಾಯರಮ್ಮ, ಅವ್ರು ನೆಲಮಂಗಲದಲ್ಲಿ ಬ್ಯಾರೆ ಮನೆ ಮಾಡ್ಲಿ ಸಾಕು’ ಎಂದವರಿದ್ದಾರೆ. ಪಾಲು ಬೇಡವೆಂದು ಅಣ್ಣನಿಗೇ ಹಕ್ಕು ಬಿಡುಗಡೆಗೆ ಸಹಿ ಹಾಕಿಕೊಟ್ಟಿದ್ದೇನೆ ಎಂದು ಅತ್ತವರಿದ್ದಾರೆ. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಎಲ್ಲ ಹೆಣ್ಣುಮಕ್ಕಳಿಗೂ ಅದು ಬಂತು. ಗಂಡನ ಮೇಲೆ ಮೂರು ಕೇಸು ಹಾಕಿಸಲು ಬಂದ ಅಣ್ಣ, ತಂಗಿ ಪಾಲು ಕೇಳಿದ ದಿನ ತಾನೇ ಪ್ರತಿವಾದಿ. ಇದನ್ನು ಫೈಲಿನಿಂದ ಕಲಿಯಲಾಗದು. ಝೆರಾಕ್ಸ್ ಅಂಗಡಿಯಲ್ಲಂತೂ ಇಲ್ಲವೇ ಇಲ್ಲ.

ಇನ್ನೊಂದು ಚಿಕ್ಕ ಸಂಗತಿ. ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡಿರಿಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಬೇಕೆಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿತು. ಜೂನಿಯರ್‌ಗಳು ಮೊಬೈಲಿನಿಂದ ಇಳಿಸಿಕೊಳ್ಳುವುದು ಪಟ್ಟಣದವರ ನಮೂನೆ. ಷೇರು, ಮ್ಯೂಚುವಲ್ ಫಂಡ್ ಎಂಬ ಕಾಲಂಗಳಿಗೆಲ್ಲ ‘ಇಲ್ಲ, ಇಲ್ಲ’ ಎಂದು ಬರೆದು ತರುತ್ತಾರೆ. ಅದೇ ತೀರ್ಪಿನಲ್ಲಿ ಕೃಷಿಕರಿಗೆಂದೇ ಎರಡನೇ ನಮೂನೆ ಇದೆ. ಜಮೀನು ಖುಷ್ಕಿಯೋ ತರಿಯೋ, ಏನು ಬೆಳೆ, ಎಷ್ಟು ಹಸು, ಕೋಳಿ, ಜೇನುಪೆಟ್ಟಿಗೆ ಉಂಟೇ ಎಂದೆಲ್ಲ ಅದು ಕೇಳುತ್ತದೆ. ತೆಂಗು, ರಾಗಿ, ಡೇರಿ ಹಾಲಿನ ನಮ್ಮ ತಾಲ್ಲೂಕಿಗೆ ಬೇಕಾದ್ದು ಅದು. ಆದರೆ ಗಂಡ ವಾರವೆಲ್ಲ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸಿ, ಭಾನುವಾರ ಊರಿಗೆ ಬಂದು ತೋಟ ನೋಡುವವನಾದರೆ ಎರಡನ್ನೂ ಕೇಳಬೇಕಾಗುತ್ತದೆ. ಹಾಗೆ ಕೇಳಲು ಅವನ ದಿನಚರಿ ಗೊತ್ತಿರಬೇಕು.

ಮಧ್ಯಸ್ಥಿಕೆ ಕೇಂದ್ರದಲ್ಲಿ ಸಂಧಾನಕಾರರಾಗಲು 40 ಗಂಟೆ ತರಬೇತಿ ಬೇಕು. ಅದೇ ದಂಪತಿಯ ಪರವಾಗಿ ವಕಾಲತ್ತು ಹಾಕಲು ಒಂದು ಗಂಟೆಯೂ ಬೇಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದಿತು. ಅದಕ್ಕೆ ಪ್ರಮಾಣಪತ್ರ ಬರೆಯಬೇಕಾದವರು ನಮ್ಮಂಥ ಹತ್ತು ವರ್ಷ ಮೀರಿದವರು. ವರ್ಷ ಎಣಿಸಿ ಸಹಿ ಹಾಕುತ್ತೇವೆ. ಆ ಮೂರು ವರ್ಷದಲ್ಲಿ ಹುಡುಗ ಎಷ್ಟು ಹೆಣ್ಣುಮಕ್ಕಳ ಮಾತು ಕೇಳಿದ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ದುಡ್ಡಿನ ಮಾತು ಎತ್ತದೆ ಇದು ಮುಗಿಯದು. ಗ್ರಾಮೀಣ ಪ್ರದೇಶದ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ನಾನು ಕೊಡುವುದು ಅದರ ಅರ್ಧವೂ ಇಲ್ಲ. ಬರೆಯಲು ನಾಚಿಕೆ, ಆದರೂ ನಿಜ. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಅದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೊಸಬರನ್ನು ಸಂಭಾವನೆ ಕೊಟ್ಟು ವಾರಕ್ಕೊಂದು ದಿನ ಅಲ್ಲಿ, ಇನ್ನೊಂದು ದಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೂರಿಸಬಹುದು. ಕೌಟುಂಬಿಕ ದೌರ್ಜನ್ಯದ ದೂರು ಮೊದಲು ಬಂದು ಮುಟ್ಟುವ ಮೇಜುಗಳಲ್ಲಿ ಅದೂ ಒಂದು.

ಅದು ಸರ್ಕಾರ ಮಾಡಬೇಕಾದ್ದು. ನಮ್ಮ ವಕೀಲರ ಸಂಘದ ಸೀನಿಯರ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬಂದ ಹೆಣ್ಣುಮಗಳನ್ನು ‘ಇವರೂ ಕೂತಿರಲಿ, ಪರವಾಗಿಲ್ವೇನಮ್ಮ’ ಎಂದು ಒಂದು ಮಾತು ಕೇಳಿ, ಒಪ್ಪಿದರೆ ಜೂನಿಯರ್‌ಗೂ ಒಂದು ಕುರ್ಚಿ ಹಾಕಿ. ಝೆರಾಕ್ಸ್ ಅಂಗಡಿ ರಾತ್ರಿ ಎಂಟರವರೆಗೂ ತೆಗೆದೇ ಇರುತ್ತದೆ.