ಆಳಿನ ಬದಲಾವಣೆಯೋ, ಹಗ್ಗದ ಹಸ್ತಾಂತರವೋ?

ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣಾಗುವ ವೇಳೆಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಾಡಿಗಳಿಂದಲೂ ಹಳ್ಳಿಗಳಿಂದಲೂ ಕೂಲಿಯವರನ್ನು ತುಂಬಿಕೊಂಡು ಜೀಪುಗಳು ಹೊರಡುತ್ತವೆ. ಅವರನ್ನು ಕೂಡಿಸುವವನು ಮೇಸ್ತ್ರಿ. ಅವನು ಆಳಿನ ಕೈಗೆ ಮುಂಗಡ ಕೊಡುತ್ತಾನೆ. ತೋಟದವರಿಂದ ತನ್ನ ಕಮಿಷನ್ ಪಡೆಯುತ್ತಾನೆ. ಇದರಲ್ಲಿ ತಪ್ಪೇನೆಂದು ಓದುಗರು ಕೇಳಬಹುದು. ಆಳು ಒಬ್ಬನೇ ಯಜಮಾನನಲ್ಲಿ ಉಳಿದಿರುವವರೆಗೆ ತಪ್ಪು ಕಣ್ಣಿಗೆ ಬೀಳದು. ಅವನು ಯಜಮಾನನನ್ನು ಬದಲಿಸಲು ಹೊರಟಾಗಲೇ ಪ್ರಶ್ನೆ ಏಳುವುದು.

ಹೆಚ್ಚು ಕೂಲಿ ಕೊಡುವ ಮತ್ತೊಂದು ತೋಟಕ್ಕೆ ಒಬ್ಬ ಆಳು ಹೋಗಬಯಸಿದನೆಂದು ಇಟ್ಟುಕೊಳ್ಳೋಣ. ಹೊಸ ಯಜಮಾನನು ಹಳೆಯ ಬಾಕಿ ತೀರಿಸುತ್ತಾನೆ, ಮೇಸ್ತ್ರಿಯ ಕಮಿಷನ್ ಸಲ್ಲಿಸುತ್ತಾನೆ; ಬಳಿಕ ಎರಡನ್ನೂ ಆಳಿನ ಹೆಸರಿನಲ್ಲಿ ತನ್ನ ಪುಸ್ತಕಕ್ಕೆ ಏರಿಸುತ್ತಾನೆ. ಬಿಡುಗಡೆಯೆಂದು ತೋರಿದ್ದು ಕೇವಲ ಹಸ್ತಾಂತರ. ಸಂತೆಯಲ್ಲಿ ಎತ್ತಿನ ಹಗ್ಗ ಕೈಬದಲಾಗುವುದಕ್ಕೂ ಇದಕ್ಕೂ ಅಂತರವೆಷ್ಟು?

ಬೆಲೆಯುಳ್ಳದ್ದಕ್ಕೆ ಬದಲಾಗಿ ಮತ್ತೊಂದನ್ನು ಇಡಬಹುದು, ಘನತೆಯುಳ್ಳದ್ದಕ್ಕೆ ಇಡಲಾಗದು ಎಂದು ತತ್ತ್ವಜ್ಞಾನಿ ಕಾಂಟ್ 1785ರಲ್ಲಿಯೇ ವಿವೇಚಿಸಿದನು. ಒಪ್ಪಂದಕ್ಕಿಂತ ನ್ಯಾಯ ಹಿರಿದೆಂದು ಪೋಪ್ ಹದಿಮೂರನೆಯ ಲಿಯೋ ಅವರು 1891ರ ತಮ್ಮ ಪರಿಪತ್ರದಲ್ಲಿ ಬೋಧಿಸಿದರು. ಆಳು ಒಪ್ಪಿ ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು.

ಮೇಸ್ತ್ರಿಗೂ ಖರ್ಚಿದೆ, ಶ್ರಮವಿದೆ, ನಿಜ. ಅದಕ್ಕೆ ಪ್ರತಿಫಲ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಯಾರು, ಎಷ್ಟು ಕಾಲ ಕೊಡಬೇಕೆಂಬುದೇ ವಿಚಾರ. ಬ್ರಿಟನ್ನಿನಲ್ಲಿ ತಾತ್ಕಾಲಿಕ ನೌಕರರನ್ನು ಒದಗಿಸುವ ಏಜೆನ್ಸಿಗಳಿಗೆ 2003ರ ನಿಯಮಗಳು ಒಂದು ಮಿತಿ ಹಾಕಿವೆ. ನೌಕರನನ್ನು ಯಜಮಾನನು ನೇರವಾಗಿ ಸೇರಿಸಿಕೊಂಡರೆ ಏಜೆನ್ಸಿ ಶುಲ್ಕ ಕೇಳಬಹುದು. ಆದರೆ ಕೆಲಸ ಮುಗಿದ 8 ವಾರ ಅಥವಾ ಕೆಲಸ ಆರಂಭವಾದ 14 ವಾರ, ಇವುಗಳಲ್ಲಿ ಕೊನೆಗೆ ಮುಗಿಯುವ ಅವಧಿ ಕಳೆದ ಮೇಲೆ ಆ ಹಕ್ಕು ಇಲ್ಲ. ಶುಲ್ಕದ ಭಾರ ಯಜಮಾನನ ಮೇಲೆಯೇ ಹೊರತು ನೌಕರನ ಮೇಲಲ್ಲ.

ನಮ್ಮ ದೇಶದ ಕಾನೂನು ಇನ್ನೂ ಮುಂದೆ ಹೋಗಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿಯೇ, 1976ರಲ್ಲಿ, ಸಂಸತ್ತು ಜೀತಪದ್ಧತಿ ನಿರ್ಮೂಲನಾ ಕಾಯಿದೆಯನ್ನು ಅಂಗೀಕರಿಸಿತು. ಕೊಟ್ಟ ಮುಂಗಡವೆಲ್ಲ ಜೀತವಲ್ಲ. ಆದರೆ ಮುಂಗಡದ ಕಾರಣದಿಂದ ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನು ಆಳು ಕಳೆದುಕೊಂಡರೆ ಅದು ಜೀತ. ಆ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಬಲವಂತದ ದುಡಿಮೆಗೆ 3 ವರ್ಷಗಳವರೆಗೆ ಸೆರೆವಾಸವುಂಟು. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ. ಕೃಷ್ಣರಾಜನಗರವೂ ಸೇರಿದಂತೆ ನಮ್ಮ ತಾಲ್ಲೂಕುಗಳವರು ಇದಕ್ಕಾಗಿ ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು.

ಇದು ತೋಟದ ಸಾಹುಕಾರರಿಗೆ ಮಾತ್ರ ಹೇಳಿದ ಮಾತೆಂದು ತಿಳಿಯಬಾರದು. ವೃದ್ಧ ತಂದೆತಾಯಿಗಳ ಆರೈಕೆಗೆ ಏಜೆನ್ಸಿಯ ಮೂಲಕ ಹೋಂ ನರ್ಸ್‌ಗಳನ್ನು ಕರೆಸುವ ಕುಟುಂಬಗಳು ನಮ್ಮಲ್ಲಿಯೂ ಇವೆ. ಹಾಗೆ ದುಡಿಯಲು ಹೋಗುವ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ. ಆಕೆಯನ್ನು ಮನೆಯಲ್ಲಿಯೇ ಖಾಯಂ ಆಗಿ ಇರಿಸಿಕೊಳ್ಳುವುದಾದರೆ ಏಜೆನ್ಸಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ನಾವೇ ಕೊಡೋಣ; ಆಕೆಯ ಸಂಬಳದಿಂದ ಒಂದು ರೂಪಾಯಿಯನ್ನೂ ಮುರಿದುಕೊಳ್ಳದಿರೋಣ. ಮುಂಗಡ ಕೊಟ್ಟರೆ ಬರೆದುಕೊಟ್ಟು, ಲೆಕ್ಕವನ್ನು ಆಕೆಗೂ ತೋರಿಸೋಣ. ಆಕೆ ಹೊರಡುವೆನೆಂದ ದಿನ ಗುರುತಿನ ಚೀಟಿಯನ್ನಾಗಲಿ ಬಟ್ಟೆಯ ಗಂಟನ್ನಾಗಲಿ ತಡೆಹಿಡಿಯದಿರೋಣ.

ನಮ್ಮ ಮಗಳು ಪರಊರಿನಲ್ಲಿ ಕೆಲಸ ಬಿಡಬಯಸಿದಾಗ ಅವಳ ಯಜಮಾನರು ಹೇಗೆ ನಡೆದುಕೊಳ್ಳಬೇಕೆಂದು ನಾವು ಬಯಸುತ್ತೇವೋ, ನಮ್ಮ ಮನೆಯ ಆಳಿನೊಡನೆ ನಾವು ಹಾಗೆ ನಡೆದುಕೊಂಡಿದ್ದೇವೆಯೇ?