ಊರಿನ ಮತ ಯಾರದು?

ಪಾರ್ಲಿಮೆಂಟಿನ ಚುನಾವಣೆ ಬಂದಾಗ ಜನರು ದೇಶದ ಮಾತನ್ನಾಡುತ್ತಾರೆ. ಪುರಸಭೆಯ ಚುನಾವಣೆ ಬಂದಾಗ ಗಟಾರದ ಮಾತನ್ನಾಡುತ್ತಾರೆ. ಇದರಲ್ಲಿ ನಾಚಿಕೊಳ್ಳಬೇಕಾದುದೇನೂ ಇಲ್ಲ. ಹಾವೇರಿ, ರಾಣೇಬೆನ್ನೂರುಗಳ ನಗರಸಭೆಗಳಾಗಲಿ, ಬ್ಯಾಡಗಿಯ ಪುರಸಭೆಯಾಗಲಿ ಯುದ್ಧವನ್ನು ಸಾರುವುದಿಲ್ಲ, ಪರರಾಷ್ಟ್ರಗಳೊಡನೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ. ನಳಕ್ಕೆ ನೀರು ಬಿಡುವುದು, ಬೀದಿಗೆ ದೀಪ ಹಾಕಿಸುವುದು, ಕಸವನ್ನು ಎತ್ತಿಸುವುದು—ಇವೇ ಅವುಗಳ ರಾಜಕಾರಣ. ಹಾಗಾದರೆ ಆ ಬೀದಿಯಲ್ಲಿಯೇ ಇಪ್ಪತ್ತು ವರ್ಷ ಬಾಳಿದ, ಆ ನೀರನ್ನೇ ಕುಡಿದ, ಆದರೆ ಭಾರತದ ಪೌರನಲ್ಲದ ಮನುಷ್ಯನಿಗೆ ಆ ಸಭೆಯ ಸದಸ್ಯರನ್ನು ಆರಿಸುವ ಹಕ್ಕು ಇರಬೇಕೆ, ಬೇಡವೆ?

ನಮ್ಮ ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಸಂವಿಧಾನದ 326ನೆಯ ಅನುಚ್ಛೇದವು ಲೋಕಸಭೆ, ವಿಧಾನಸಭೆಗಳ ಮತವನ್ನು ಪೌರರಿಗೆ ಮಾತ್ರ ಕೊಟ್ಟಿದೆ. ಪೌರನಲ್ಲದವನ ಹೆಸರು ಮತದಾರರ ಪಟ್ಟಿಯಲ್ಲಿ ಸೇರಕೂಡದೆಂದು 1950ರ ಜನಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಕರ್ನಾಟಕದ ಗ್ರಾಮ ಪಂಚಾಯತಿ, ಪುರಸಭೆಗಳ ಮತದಾರರ ಪಟ್ಟಿಗಳು ವಿಧಾನಸಭೆಯ ಪಟ್ಟಿಯಿಂದಲೇ ಹೊರಡುವಂಥವು. ತಾಯಿಪಟ್ಟಿಯಲ್ಲಿ ಇಲ್ಲದವನು ಮರಿಪಟ್ಟಿಯಲ್ಲಿ ಬರುವ ಬಗೆಯಿಲ್ಲ. ರಾಣೇಬೆನ್ನೂರಿನಲ್ಲಿಯೇ ಹುಟ್ಟಿ ಬೆಳೆದು ಅಮೆರಿಕೆಯ ಪೌರನಾದವನು ಊರಿನಲ್ಲಿ ಹಿರಿಯರ ಮನೆಯನ್ನು ಇಟ್ಟುಕೊಂಡು ವರುಷವರುಷವೂ ಅದರ ತೆರಿಗೆಯನ್ನು ಕಟ್ಟಬಹುದು. ತನ್ನ ಓಣಿಯ ಸದಸ್ಯನಿಗೆ ಮತ ಹಾಕಲಾರ.

ಇದು ದೂರದ ತರ್ಕವೆಂದು ಭಾವಿಸುವವರು ಹಾವೇರಿ ಜಿಲ್ಲೆಯ ಪಶ್ಚಿಮದ ಗಡಿಯನ್ನು ದಾಟಿ ನೋಡಬೇಕು. ಹಾನಗಲ್ಲು, ಶಿಗ್ಗಾಂವಿಗಳ ಆಚೆಗೇ ಉತ್ತರ ಕನ್ನಡದ ಮುಂಡಗೋಡವಿದೆ. ಅಂದಿನ ಮೈಸೂರು ರಾಜ್ಯವು ಕೊಟ್ಟ ನೆಲದಲ್ಲಿ 1966ರಲ್ಲಿ ಟಿಬೆಟನ್ನರು ಅಲ್ಲಿ ನೆಲೆಯೂರಿದರು. ಸುತ್ತಲಿನ ಜನರ ಬಾಯಲ್ಲಿ ಅದು ‘ಕ್ಯಾಂಪು’. ಕಾಡಿನಂಚಿನ ಹೊಲಗಳ ನಡುವೆ ಡ್ರೆಪುಂಗ್, ಗಾಂದೆನ್ ಮಹಾಮಠಗಳು ಮತ್ತೆ ತಲೆಯೆತ್ತಿವೆ. ಬಂದವರು ಮುದುಕರಾದರು, ಅವರ ಮಕ್ಕಳು ಇಲ್ಲಿಯೇ ಹುಟ್ಟಿದರು. ಈ ಮಕ್ಕಳು ಯಾವ ದೇಶದವರು?

ಪೌರತ್ವದ ಕಾಯಿದೆ ಇದಕ್ಕೆ ತಾರೀಖಿನ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಭಾರತೀಯ. ಆ ಬಳಿಕ ಹುಟ್ಟಿದವನಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನೂ ಬಿಗಿಯಾಯಿತು. ತಂದೆತಾಯಿಗಳಿಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿದ ಒಂದು ಮನೆಯನ್ನು ಊಹಿಸಿಕೊಳ್ಳಿರಿ. 1985ರಲ್ಲಿ ಹುಟ್ಟಿದ ಅಣ್ಣ ಭಾರತದ ಪೌರ; 1988ರಲ್ಲಿ ಹುಟ್ಟಿದ ತಂಗಿ ಪರದೇಶದವಳು. ಒಂದೇ ತೊಟ್ಟಿಲು, ಒಂದೇ ಶಾಲೆ, ಒಂದೇ ಬಾವಿಯ ನೀರು. ಅಣ್ಣನಿಗೆ ಮತವುಂಟು, ತಂಗಿಗಿಲ್ಲ.

ಅಣ್ಣನ ಹಕ್ಕೂ ಸುಲಭವಾಗಿ ಕೈಗೆ ಬರಲಿಲ್ಲ. ಅದು ಕಾಯಿದೆಯ ಪುಸ್ತಕದಲ್ಲಿ ಬಹುಕಾಲ ನಿದ್ರಿಸಿತು. 2010ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಇಂಥವರು ಪೌರರೆಂದು ತೀರ್ಪಿತ್ತವು. 2014ರಲ್ಲಿ ಚುನಾವಣಾ ಆಯೋಗವು ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸಿಕೊಳ್ಳುವಂತೆ ಆಜ್ಞೆ ಮಾಡಿತು. ಆದರೆ 2017ರಲ್ಲಿ ಪಾಸ್‌ಪೋರ್ಟು ಬೇಡಿದವರ ಮುಂದೆ ಸರಕಾರವು ಷರತ್ತುಗಳನ್ನಿಟ್ಟಿತು: ನಿರಾಶ್ರಿತರ ಗುರುತುಪತ್ರವನ್ನು ಒಪ್ಪಿಸಬೇಕು, ಕ್ಯಾಂಪಿನ ವಾಸವನ್ನೂ ಸೌಲಭ್ಯಗಳನ್ನೂ ಬಿಡಬೇಕು. ಪೌರನಾಗಬೇಕಾದರೆ ನೆರೆಹೊರೆಯನ್ನೇ ತೊರೆಯಬೇಕೆಂದರೆ ಅದು ಎಂಥ ವರ!

ಇದಕ್ಕೆ ಇನ್ನೊಂದು ಮುಖವೂ ಉಂಟು. ಭಾರತದ ಮತ ಹಾಕಿದರೆ ತಾಯ್ನಾಡಿನ ಮೇಲಿನ ಹಕ್ಕು ಸಡಿಲವಾದೀತೆಂಬ ಅಳುಕು ಅನೇಕ ಟಿಬೆಟನ್ನರಲ್ಲಿದೆ. ಧರ್ಮಶಾಲೆಯಲ್ಲಿರುವ ತಮ್ಮ ಆಡಳಿತಕ್ಕೂ ತಮ್ಮ ಪ್ರತಿನಿಧಿಸಭೆಗೂ ಅವರು ಮುಂಡಗೋಡದಲ್ಲಿದ್ದೇ ಮತ ಹಾಕುತ್ತಾರೆ. ಮತವೆಂಬುದು ಬರಿಯ ಅನುಕೂಲವಲ್ಲ, ನಿಷ್ಠೆಯ ಗುರುತು ಎಂಬುದನ್ನು ಮನೆಮಠ ಕಳೆದುಕೊಂಡ ಈ ಜನ ನೆಲೆಯಿದ್ದವರಿಗಿಂತ ಚೆನ್ನಾಗಿ ಬಲ್ಲರು.

ಹೊರಗಿನ ಲೋಕವೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಸ್ವೀಡನ್ ದೇಶವು 1976ರಲ್ಲಿಯೇ ಮೂರು ವರ್ಷ ನೆಲೆಸಿದ ಪರದೇಶೀಯರಿಗೆ ಸ್ಥಳೀಯ ಮತವನ್ನು ಕೊಟ್ಟಿತು. ಜರ್ಮನಿಯ ಸಂವಿಧಾನ ನ್ಯಾಯಾಲಯವು 1990ರಲ್ಲಿ ಅಂಥ ಪ್ರಯತ್ನವನ್ನು ತಳ್ಳಿಹಾಕಿತು. 1992ರ ಮಾಸ್ಟ್ರಿಕ್ಟ್ ಒಪ್ಪಂದವಾದ ಮೇಲೆ ಯೂರೋಪಿನ ಒಕ್ಕೂಟದ ಪೌರರಿಗೆ ಮಾತ್ರ ಬಾಗಿಲು ತೆರೆಯಿತು. ನ್ಯೂಯಾರ್ಕ್ ನಗರವು ಮಾಡಿದ ಕಾನೂನು 2025ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಬ್ರಿಟನ್ನಿನಲ್ಲಿ ನೆಲೆಸಿ, ಭಾರತದ ಪಾಸ್‌ಪೋರ್ಟನ್ನು ಬಿಡದಿರುವ ಕನ್ನಡಿಗ ಕುಟುಂಬವೂ ಕಾಮನ್‌ವೆಲ್ತಿನ ನಂಟಿನಿಂದ ಅಲ್ಲಿನ ಪಾರ್ಲಿಮೆಂಟಿಗೇ ಮತ ಹಾಕಬಲ್ಲುದು. ಪರದೇಶದಲ್ಲಿ ಈ ಔದಾರ್ಯವನ್ನು ಅನುಭವಿಸುವವರು ಸ್ವದೇಶದಲ್ಲಿ ಇದರ ಮಾತೆತ್ತಿದರೆ ಹುಬ್ಬು ಗಂಟಿಕ್ಕುವುದು ಉಚಿತವಲ್ಲ.

‘ತೆರಿಗೆ ಕೊಡುವವನಿಗೆ ಮತವೇಕಿಲ್ಲ?’ ಎಂದು ವಾದಿಸುವವರಿದ್ದಾರೆ. ಈ ವಾದ ಕೇಳಲು ಚೆನ್ನ, ಒಳಹೊಕ್ಕರೆ ಅಪಾಯ. ಬ್ರಿಟಿಷರ ಕಾಲದಲ್ಲಿ ಮುನಿಸಿಪಾಲಿಟಿಗಳ ಮತ ಆಸ್ತಿ, ತೆರಿಗೆ, ವಿದ್ಯೆಗಳನ್ನು ನೋಡಿ ದೊರೆಯುತ್ತಿತ್ತು. ಮನೆಯಿಲ್ಲದ ಹಮಾಲನಿಗೆ, ಅಕ್ಷರವರಿಯದ ಕೂಲಿಯವಳಿಗೆ ಊರಿನ ಸಭೆಯಲ್ಲಿ ಹೆಸರೇ ಇರಲಿಲ್ಲ. ಗಣರಾಜ್ಯವು ಆ ತಕ್ಕಡಿಯನ್ನು ಮುರಿದು, ಕೊಡುವ ಹಣವನ್ನಲ್ಲ, ಪೌರತ್ವವನ್ನು ಅಳತೆಯನ್ನಾಗಿ ಮಾಡಿತು. ತೆರಿಗೆಗೆ ಮತವೆಂದರೆ ಮುರಿದ ತಕ್ಕಡಿಯನ್ನು ಮತ್ತೆ ಕಟ್ಟಿದಂತೆ.

‘ಊರಿನ ಮತ ಗಟಾರಕ್ಕಷ್ಟೆ’ ಎಂಬುದೂ ಪೂರ್ಣಸತ್ಯವಲ್ಲ. ವಿಧಾನ ಪರಿಷತ್ತಿನ ಮೂರರಲ್ಲೊಂದು ಪಾಲು ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸುತ್ತಾರೆ. ಬ್ಯಾಡಗಿಯ ಓಣಿಯಲ್ಲಿ ಬಿದ್ದ ಮತದ ಸದ್ದು ಸುತ್ತಿ ಬಳಸಿ ವಿಧಾನಸೌಧವನ್ನು ಮುಟ್ಟುತ್ತದೆ. ಆದುದರಿಂದ ನಮ್ಮ ವ್ಯವಸ್ಥೆಯಲ್ಲಿ ಮತವನ್ನು ಪೌರತ್ವದೊಡನೆ ಕಟ್ಟಿರುವುದು ಸರಿಯೆಂದೇ ಹೇಳಬೇಕು.

ಆದರೆ ಬೀಗ ಹಾಕಿದವನು ಬೀಗದ ಕೈಯನ್ನು ತುಕ್ಕು ಹಿಡಿಯಗೊಡಬಾರದು. ಕಾನೂನು ಯಾರನ್ನು ಪೌರನೆಂದಿದೆಯೋ ಅವನು ಕಚೇರಿಯಿಂದ ಕಚೇರಿಗೆ ಅಲೆಯದೆ, ತನ್ನ ಮನೆಯನ್ನು ಬಿಡದೆ ಪಟ್ಟಿಯನ್ನು ಸೇರುವಂತಾಗಬೇಕು. ಇಲ್ಲಿಯೇ ಹುಟ್ಟಿಯೂ ತಾರೀಖಿನ ದೆಸೆಯಿಂದ ಹೊರಗುಳಿದು ಪೌರತ್ವವನ್ನು ಬೇಡುವವನ ಕಾಯುವಿಕೆಗೆ ಒಂದು ಕೊನೆಯಿರಬೇಕು. ಬೇಡದವನಿಗೂ ನೀರು, ದಾರಿ, ದೀಪಗಳ ವಿಷಯದಲ್ಲಿ ತನ್ನ ಕಷ್ಟವನ್ನು ಹೇಳಿಕೊಳ್ಳುವ ಅವಕಾಶ ಪಂಚಾಯತಿಯ ಮುಂದಿರಬೇಕು. ಮತವಿಲ್ಲದವನಿಗೆ ಮಾತೂ ಇಲ್ಲವೆಂದು ಯಾವ ಧರ್ಮವೂ ಹೇಳುವುದಿಲ್ಲ.

ಪೌರರಾಗಿಯೂ ಊರಿನ ಮತವಿಲ್ಲದವರು ನಮ್ಮ ನಡುವೆಯೇ ಇದ್ದಾರೆ. ಬ್ಯಾಡಗಿಯ ಪೇಟೆಯಲ್ಲಿ ಚೀಲ ಹೊರಲು, ಮೆಣಸಿನಕಾಯಿಯ ತುಂಬು ಬಿಡಿಸಲು ಬಂದು ಅಲ್ಲಿಯೇ ಬಿಡಾರ ಹೂಡಿದ ಸಂಸಾರದ ಹೆಸರು ಬಿಟ್ಟುಬಂದ ಹಳ್ಳಿಯ ಪಟ್ಟಿಯಲ್ಲಿ ಉಳಿದಿರಬಹುದು. ಹಾವೇರಿಗೆ ವರ್ಗವಾಗಿ ಬಂದ ಗುಮಾಸ್ತರ ಮನೆಯ ಸಂಗತಿಯೂ ಅಷ್ಟೆ. ಸ್ವಂತ ಮನೆಯಿರಬೇಕೆಂಬ ನಿಯಮವಿಲ್ಲ. ಸಾಮಾನ್ಯವಾಗಿ ವಾಸವಾಗಿರುವ ಊರಿನ ಪಟ್ಟಿಗೆ ಹೆಸರನ್ನು ಬದಲಾಯಿಸಿಕೊಳ್ಳಲು ಕಾನೂನೇ ದಾರಿ ಮಾಡಿದೆ. ಬಾಡಿಗೆಯ ಮನೆಗೆ ಹೋದೊಡನೆ ಹಾಲಿನವನನ್ನು ಗೊತ್ತು ಮಾಡುವ ಗೃಹಸ್ಥನು ಮತದಾರರ ಪಟ್ಟಿಯನ್ನು ಮರೆಯುವುದೇಕೆ? ಮುಂಡಗೋಡದ ಆ ತಂಗಿಗೆ ಕಾನೂನು ಕೊಡದ ಹಕ್ಕು ಅವನ ಜೇಬಿನಲ್ಲಿಯೇ ಇದೆ. ಅದನ್ನು ಹೊರಗೆ ತೆಗೆಯಲು ಬೇಕಾದುದು ಒಂದು ಅರ್ಜಿ ಮಾತ್ರ.