ಬಿಡುವಿನ ವೇಳೆ ಯಾರದ್ದು?

ಡಿಸೆಂಬರ್ ಬಂತೆಂದರೆ ಒಂದು ಉಪದೇಶ ಖಾಯಂ: ಬಿಡುವಿನ ವೇಳೆಯಲ್ಲಿ ಕ್ರಿಸ್‌ಮಸ್ ಅಲಂಕಾರ ಮಾಡಿ, ಮನೆಯಲ್ಲೇ ಹಣ ಗಳಿಸಿ. ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ನಾನೂ ನಕ್ಷತ್ರ ಕಟ್ಟಿ ಮಾರುತ್ತೇನೆ. ಆ ಬಿಡುವು ಮಾತ್ರ ನನಗಿನ್ನೂ ಸಿಕ್ಕಿಲ್ಲ.

ಐದು ಮೂಲೆಯ ನಕ್ಷತ್ರವೊಂದಕ್ಕೆ ಹತ್ತು ಬಿದಿರು ಕಡ್ಡಿ ಬೇಕು. ಐದೈದು ಸೇರಿಸಿ ಎರಡು ಚೌಕಟ್ಟು. ನಡುವೆ ಉಬ್ಬಿಸಲು ಐದು ಗಿಡ್ಡ ಕಡ್ಡಿ. ಒಂದು ಕಡ್ಡಿ ಅರ್ಧ ಇಂಚು ಹೆಚ್ಚಾದರೂ ಇಡೀ ನಕ್ಷತ್ರ ಸೊಟ್ಟ. ಆಮೇಲೆ ಮೈದಾ ಅಂಟು, ಬಣ್ಣದ ಕಾಗದ, ಒಣಗುವವರೆಗೆ ಮಕ್ಕಳನ್ನು ದೂರವಿಡುವ ಕೆಲಸ. (ಕಷ್ಟದ್ದು ಅದೇ.) ಸಾಮಾನಿಗೆ 70 ರೂಪಾಯಿ, ಕೈಕೆಲಸ ನಾಲ್ಕು ಗಂಟೆ. ಕಳೆದ ವರ್ಷ ಬೆಲೆ 250 ಇಟ್ಟಿದ್ದೆ.

“ಮನೆಯಲ್ಲೇ ಕೂತು ಮಾಡುವುದಲ್ವಾ ಬಾಯಮ್ಮ, 150ಕ್ಕೆ ಕೊಡಿ” ಎಂದರು ಒಬ್ಬರು. ಅಂದರೆ ನನ್ನ ಗಂಟೆಗೆ 20 ರೂಪಾಯಿ! ಅವರ ಕೈಚೀಲದಲ್ಲೇ ಪ್ಲಾಸ್ಟಿಕ್ ನಕ್ಷತ್ರವಿತ್ತು. ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯನ್ನು ಚಕಾರವೆತ್ತದೆ ಕೊಟ್ಟು ಬಂದಿದ್ದರು.

ತಪ್ಪು ನಮ್ಮದೂ ಇದೆ. ಕಡ್ಡಿ, ಕಾಗದದ ಲೆಕ್ಕ ಬರೆದಿಡುತ್ತೇವೆ, ಗಂಟೆಯದ್ದು ಬರೆಯುವುದಿಲ್ಲ. ಈ ವರ್ಷ ನಾನು ಬರೆದೆ. ಬೆಲೆ 350 ಮಾಡಿದ್ದೇನೆ. ಚೌಕಾಸಿಗೆ ಬರುವವರು ಮೊದಲು ಜಗಲಿಯಲ್ಲಿ ಕೂತು ಹತ್ತು ಕಡ್ಡಿ ಸೀಳಲಿ, ಆಮೇಲೆ ಮಾತಾಡುವಾ.